ಇಡ್ಲಿ ಪಾತ್ರೆಯಲ್ಲಿ ರಾಗಿ ಹುಲ್ಲು

ಕಳೆದ ಭಾನುವಾರ, ಬೆಳಿಗ್ಗೆ ಆರೂಕಾಲು, ಸಾತನೂರಿನ ನಮ್ಮ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಅವಳ ತಮ್ಮ, ಬೋನಿನಲ್ಲಿ ಒಂದು ಇಲಿ. ಉಳಿದ ಮೂವರಲ್ಲಿ ನನ್ನ ಭಾಮೈದ ಯಾರಿಗೆ ಹೆಚ್ಚು ಮರ್ಯಾದೆ ಕೊಡುತ್ತಾನೆಂದು ನೀವೇ ಊಹಿಸಿ. ನನಗಂತೂ ಅಲ್ಲ!

ಅವನ ಕೆಲಸ ಬೆಂಗಳೂರಿನ ಪ್ರಯೋಗಾಲಯವೊಂದರ ಇಲಿಮನೆಯಲ್ಲಿ. ದೇಹವು ರೋಗವನ್ನು ಹೇಗೆ ತಡೆಯುತ್ತದೆಂದು ವಿಜ್ಞಾನಿಗಳು ಅಲ್ಲಿ ಇಲಿಗಳಲ್ಲಿ ಪರೀಕ್ಷಿಸುತ್ತಾರೆ. ಆ ಇಲಿಗಳ ಊಟ, ನೀರು, ಹಾಸಿಗೆ ಇವನ ಪಾಲು. ರೇಷ್ಮೆಹುಳು ಸಾಕುವ ಮನೆಯವನು, ಕಾಲು ತೊಳೆಯದೆ ಒಳಗೆ ಬರುವವನಲ್ಲ ಎಂದೇ ಕೆಲಸ ಸಿಕ್ಕಿತಂತೆ. ಈಗ ನಮ್ಮ ಮನೆಗೆ ಬಂದರೂ ಕೈ ತೊಳೆದೇ ಒಳಗೆ, ಕೈ ತೊಳೆದೇ ಹೊರಗೆ. ಗಡಿಯಾರದಂತೆ ಶಿಸ್ತಾಗಿ ಬದುಕಿದ ನನಗೇ ಸುಸ್ತು.

ಒಮ್ಮೆ ಕನಕಪುರದ ಬಸ್ಸಿನಲ್ಲಿ ಕಂಡಕ್ಟರನನ್ನು ತಡೆದ. "ಇಷ್ಟ್ ಜಾಗಕ್ಕೆ ಇಷ್ಟ್ ಜನ ತುಂಬಂಗಿಲ್ಲ ಸ್ವಾಮಿ. ನಾವು ಇಲಿಗೇ ಇದ್ಕಿಂತ ಜಾಸ್ತಿ ಜಾಗ ಕೊಡ್ತೀವಿ."

"ಹಂಗಾದ್ರೆ ಇಲಿ ಬಸ್ಸೇ ಹತ್ತಯ್ಯ."

ಭಾನುವಾರಕ್ಕೆ ಬರೋಣ. ನಾನು ಬಕೆಟ್ಟಿಗೆ ನೀರು ತುಂಬಿ, ಮುಳುಗಿಸಲು ಬೋನು ಎತ್ತಿದೆ.

"ತಡೀರಿ ಭಾವ," ಎಂದು ಕಾಗದ, ಪೆನ್ನು ಮುಂದಿಟ್ಟ. "ನಮ್ಮಲ್ಲಿ ವಿಜ್ಞಾನಿಗಳೂ ಇಲಿ ಮುಟ್ಟೋಕ್ ಮುಂಚೆ ಅರ್ಜಿ ಬರ್ಕೊಡ್ಬೇಕು. ಯಾಕ್ ಸಾಯಿಸ್ತೀರಿ, ಬರೀರಿ."

"ಅಕ್ಕಿ ಚೀಲ ಕಡಿದಿದೆ" ಎಂದು ಬರೆದೆ.

"ಸಾಯಿಸ್ದೆ ಬೇರೆ ದಾರಿ ಏನಾರ ಐತಾ?"

"ಅಕ್ಕೀನ ತಗಡಿನ ಡಬ್ಬಕ್ಕೆ ಹಾಕ್ಬೋದು ಕಣೋ," ಎಂದಳು ಅವನಕ್ಕ. ನನ್ನ ಹೆಂಡತಿ ಯಾರ ಕಡೆಯವಳೆಂಬುದು ಆಗ ಸ್ಪಷ್ಟವಾಯಿತು.

"ಅರ್ಜಿ ವಜಾ. ಈಗ್ ಬಿಟ್ರೆ ಕಾಗೆ ಹಿಡೀತವೆ. ಸಂಜೆ ಬಿಟ್ಬತ್ತೀನಿ. ಅಲ್ಲೀಗಂಟ ಒಸಿ ಹಾಸ್ಗೆ ಬೇಕು." ಹಿತ್ತಲ ಮೆದೆಯಿಂದ ಒಂದು ಹಿಡಿ ರಾಗಿ ಹುಲ್ಲು ತಂದು ಸೀದಾ ಇಡ್ಲಿ ಪಾತ್ರೆಗೆ ತುರುಕಿದ.

"ಲೋ, ಪಾತ್ರೆ ಹಾಳ್ಮಾಡ್ಬುಟ್ಟೆ!"

"ಅರ್ಧ ಗಂಟೆ ಆವೀಲಿರ್ಲಿ ಅಕ್ಕ."

"ಹೊಲದಲ್ಲಿ ಹುಟ್ಟಿದ ಇಲಿ ಕಣಯ್ಯ ಅದು. ಅದಕ್ಯಾಕೆ ಬೇಯಿಸಿದ ಹಾಸ್ಗೆ?" ಎಂದು ನಕ್ಕೆ.

ಅವನು ನಗಲಿಲ್ಲ. ಹೋದ ಚಳಿಗಾಲದಲ್ಲಿ, ಪ್ರಯೋಗಾಲಯದ ಇಲಿಗಳಿಗೆ ಬೆಚ್ಚಗಿರಲೆಂದು, ಇದೇ ಮೆದೆಯ ಹುಲ್ಲನ್ನು ಕದ್ದು ಒಯ್ದು ಒಂದು ಸಾಲಿನ ಬೋನುಗಳಿಗೆ ಹಾಸಿದನಂತೆ. ಆವಿಯಲ್ಲಿ ಶುದ್ಧ ಮಾಡದ ಹುಲ್ಲು. ಹೊರಗಿನ ಕ್ರಿಮಿ ತಗುಲಿ ರಕ್ತಪರೀಕ್ಷೆಗಳೆಲ್ಲ ಅಡ್ಡಾದಿಡ್ಡಿ. ಕಾರಣ ಯಾರಿಗೂ ಹೊಳೆಯಲಿಲ್ಲ. ಇವನೇ ಹೋಗಿ ಒಪ್ಪಿಕೊಂಡ.

"ಪಾಪ ಅಂತ ಹಾಕ್ದೆ ಭಾವ. ಆ ಸಾಲ್ ಪೂರ್ತಿ ಪ್ರಯೋಗಕ್ಕೆ ಬರ್ದಂಗಾಗಿ ಸಾಯಿಸ್ಬೇಕಾಯ್ತು. ಸಾಯೋವೇ ಅವು, ಗೊತ್ತು. ಸುಮ್ಸುಮ್ನೆ ಸಾಯ್ಬಾರ್ದಾಗಿತ್ತು."

ಅವನಕ್ಕ ಒಲೆ ಹಚ್ಚಿ ಇಡ್ಲಿ ಪಾತ್ರೆ ಇಟ್ಟಳು.

ಸಂಜೆ ಆರಕ್ಕೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬೋನಿನ ಬಾಗಿಲು ತೆಗೆದ. ಇಲಿ ತಿರುಗಿಯೂ ನೋಡಲಿಲ್ಲ. ಇವನು ನೋಡುತ್ತಲೇ ನಿಂತ.

ನಾನು ಮನೆಗೆ ಬಂದು ಅಕ್ಕಿಯನ್ನು ಡಬ್ಬಕ್ಕೆ ಸುರಿದೆ. ಇಡ್ಲಿ ಪಾತ್ರೆ ಉಜ್ಜಿ ಬೋರಲು ಹಾಕಿದೆ. ಬೆಳಗಿನ ಕಾಗದದಲ್ಲಿ "ಬೇರೆ ದಾರಿ ಇತ್ತು" ಎಂದು ಬರೆದು, ಸಹಿ ಹಾಕಿ, ಮೊಳೆಗೆ ನೇತುಹಾಕಿದ್ದ ಅವನ ಅಂಗಿಯ ಜೇಬಿಗಿಟ್ಟೆ.