ಮಂಡಕ್ಕಿ ಹಾಳೆಯ ಮೇಲೆ ಬಾಕಿ ಕೆಲಸ ಹರಡುವ ಕುರಿತು

ಇಲಾಖೆ (ಹೆಸರು ಬದಲಾವಣೆಯ ಹಂತದಲ್ಲಿರುವುದರಿಂದ ಸದ್ಯಕ್ಕೆ ಬರೆದಿಲ್ಲ)
ಶಾಖಾ ಕಚೇರಿ, ಹರಿಹರ, ದಾವಣಗೆರೆ ಜಿಲ್ಲೆ

ಸಂಖ್ಯೆ: ಶಾಕ/ಹರಿ/ಉತ್ಸಾಹ/04/2025-26
ದಿನಾಂಕ: 13-10-2025

ತುರ್ತು ಸುತ್ತೋಲೆ

ವಿಷಯ: ವರ್ಷದ ಕೊನೆಯ ಮೂರು ತಿಂಗಳಲ್ಲಿ ಸಿಬ್ಬಂದಿಯ ಮೇಜು ಅಚ್ಚುಕಟ್ಟಾಗಿಯೂ ಮನಸ್ಸು ಉತ್ಸಾಹದಿಂದಲೂ ಇರುವಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ:
1. ದಾವಣಗೆರೆಯ ಮೇಲಿನ ಕಚೇರಿಯ ಪತ್ರ, ದಿ. 15-09-2025 (ಸಿಬ್ಬಂದಿಯಲ್ಲಿ ಉತ್ಸಾಹ ತುಂಬಿ, ತುಂಬಿದ ಬಗ್ಗೆ ವರದಿ ಸಲ್ಲಿಸುವುದು).
2. ಈ ಕಚೇರಿಯ ಸುತ್ತೋಲೆ 03, ದಿ. 18-09-2025 (ಬಣ್ಣದ ಚೀಟಿ). ಫ್ಯಾನಿನ ಕಾರಣದಿಂದ ಹಿಂಪಡೆಯಲಾಗಿದೆ.
3. ಸಾರಥಿ ಗ್ರಾಮದ ಶ್ರೀಮತಿ ದುರುಗವ್ವ ಅವರ ಅರ್ಜಿ, ದಿ. 03-03-2025, ಮತ್ತು ಅವರ ಹೇಳಿಕೆ, ದಿ. 06-10-2025.
4. ದಾವಣಗೆರೆ ನಿಜಲಿಂಗಪ್ಪ ಬಡಾವಣೆಯ ವಿದ್ಯಾರ್ಥಿನಿಯರ ಹಾಸ್ಟೆಲ್‌ನ ವಾರ್ಡನ್ ಅವರ ಪತ್ರ, ದಿ. 10-10-2025 (ಎಣ್ಣೆ ಕಲೆಯ ಬಗ್ಗೆ).

ಪೀಠಿಕೆ:

ದಸರಾ ಹತ್ತಿರವಾದೊಡನೆ ಈ ಕಚೇರಿಯ ಸಿಬ್ಬಂದಿಯಲ್ಲಿ "ಇನ್ನೇನು, ವರ್ಷ ಮುಗೀತಲ್ಲ" ಎಂಬ ಭಾವನೆ ಕಾಣಿಸಿಕೊಂಡು ಡಿಸೆಂಬರ್ ಕೊನೆಯವರೆಗೂ ಇಳಿಯದಿರುವುದು ಗಮನಕ್ಕೆ ಬಂದಿದೆ. ಉಲ್ಲೇಖ (1)ರ ಆದೇಶದಂತೆ, ಪ್ರತಿಯೊಬ್ಬರೂ ತಮ್ಮ ಗುರಿಗಳನ್ನು ಬಣ್ಣದ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವಂತೆ ಸೂಚಿಸಲಾಗಿತ್ತು. ಒಟ್ಟು 212 ಗುರಿಗಳು ಅಂಟಿದವು. ಮರುದಿನ ಫ್ಯಾನ್ ಹಾಕಿದಾಗ ಎಲ್ಲವೂ ಹಾರಿದವು. ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಯಶೋದಾ ಅವರ "ವ್ಯಾಯಾಮ ಮಾಡುವುದು" ಎಂಬ ಗುರಿ ಅಟೆಂಡರ್ ಶ್ರೀ ಮಾಲತೇಶಪ್ಪ ಅವರ ಬೆನ್ನಿಗೆ ಅಂಟಿ ಎರಡು ದಿನ ಇತ್ತು. ವ್ಯಾಯಾಮ ಇಬ್ಬರಿಂದಲೂ ಆಗಿರುವುದಿಲ್ಲ.

ಆನಂತರ ದಿ. 30-09-2025ರಂದು ಆಯುಧಪೂಜೆಯ ನಿಮಿತ್ತ ಕಚೇರಿಯನ್ನು ಗುಡಿಸಿ, ಸಾರಿಸಿ, ಕಾಗದಗಳನ್ನು ಕಟ್ಟು ಕಟ್ಟಲಾಯಿತು. ಹಳೆಯ ದಿನಪತ್ರಿಕೆಗಳ ಕಟ್ಟು ಕಡತದ ಬೀರುವಿಗೂ, ಬಾಕಿ ಅರ್ಜಿಗಳ ಕಟ್ಟು ದಿನಪತ್ರಿಕೆ ಇಡುವ ಮೂಲೆಗೂ ಹೋದವು. ಬೀರುವಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ಬೀಗ ಹಾಕಲಾಯಿತು. ವಿವರಣೆ ಕೇಳಿದಾಗ ಶ್ರೀ ಮಾಲತೇಶಪ್ಪ ಅವರು "ಎರಡೂ ಕಟ್ಟು ಒಂದೇ ದಪ್ಪ ಇದ್ವು ಸಾರ್. ಧೂಳು ಸೈತ ಒಂದೇ ಸಮ ಕುಂತಿತ್ತು. ಹೆಂಗೆ ಗೊತ್ತಾಗ್ಬೇಕು?" ಎಂದು ಬರೆದುಕೊಟ್ಟಿದ್ದಾರೆ. ಕಟ್ಟುಗಳನ್ನು ಅಳೆಯಲಾಗಿ ಅವರ ಮಾತು ನಿಜವೆಂದು ಕಂಡುಬಂದಿದೆ.

ಈ ಕಚೇರಿಯಲ್ಲಿ ಸಂಜೆ ನಾಲ್ಕಕ್ಕೆ ಎರಡು ಮೇಜು ಜೋಡಿಸಿ, ಪತ್ರಿಕೆ ಹಾಸಿ, ಖಾರ ಮಂಡಕ್ಕಿ ಸುರಿದು, ಸುತ್ತ ನಿಂತು, ಹಾಳೆ ಕಾಣುವವರೆಗೆ ತಿನ್ನುವ ಪದ್ಧತಿ ಇದೆ. ಇದು ಯಾವ ನಿಯಮದಲ್ಲೂ ಇಲ್ಲ, ಆದರೆ ಒಂದು ದಿನವೂ ತಪ್ಪಿಲ್ಲ. ರಜೆ ಕಳೆದು ದಿ. 03-10-2025ರಂದು ಹೀಗೆ ತಿನ್ನುತ್ತಿರುವಾಗ, ನಡುವಿನ ಈರುಳ್ಳಿ ಸರಿದ ಜಾಗದಲ್ಲಿ "ಮಾನ್ಯರೇ" ಎಂಬ ಅಕ್ಷರಗಳು ಕಂಡವು. ಇನ್ನೆರಡು ಹಿಡಿ ತೆಗೆದಾಗ ಅದು ಶ್ರೀಮತಿ ದುರುಗವ್ವ ಅವರ ಅರ್ಜಿ ಎಂದು ತಿಳಿಯಿತು. ಮೊಮ್ಮಗಳು ಕುಮಾರಿ ಅಂಕಿತಾ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದು, ಹಾಸ್ಟೆಲ್ ಸೇರಲು ವಾಸಸ್ಥಳ ದೃಢೀಕರಣ ಪತ್ರ ಬೇಕೆಂದು ಅವರು ಮಾರ್ಚ್‌ನಲ್ಲೇ ಕೇಳಿದ್ದರು. ಏಳು ತಿಂಗಳಲ್ಲಿ ಯಾರೂ ಓದದ ಅರ್ಜಿಯನ್ನು ಹನ್ನೊಂದು ನಿಮಿಷದಲ್ಲಿ ಆರು ಜನ ಓದಿದರು. ಒಂದು ಮಿರ್ಚಿ ಹಾಗೆಯೇ ಉಳಿಯಿತು. ಈ ಕಚೇರಿಯಲ್ಲಿ ಮಿರ್ಚಿ ಉಳಿದದ್ದು ಇದೇ ಮೊದಲು.

ಪ್ರತಿ ತಿಂಗಳ ಮೊದಲ ಸೋಮವಾರದಂತೆ ದಿ. 06-10-2025ರಂದೂ ಬಂದ ಶ್ರೀಮತಿ ದುರುಗವ್ವ ಅವರ ಹೇಳಿಕೆಯನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಲಾಗಿದೆ: "ಏಳು ತಿಂಗ್ಳಾತ್ರಿ ಸಾಹೇಬ್ರೆ. ಮುಂದಿನ ತಿಂಗ್ಳು ಬರ್ರಿ ಅಂದ್ರಿ, ಬಂದೆ. ಮತ್ತೆ ಮುಂದಿನ ತಿಂಗ್ಳು ಅಂದ್ರಿ, ಮತ್ತೆ ಬಂದೆ. ಹುಡುಗಿ ದಿನಾ ಎರಡು ಬಸ್ ಹತ್ತಿ ಹೋಗ್ತಾಳೆ, ಬಸ್ನಾಗೆ ನಿಂತ್ಕಂಡೇ ಓದ್ತಾಳೆ. ಹಾಸ್ಟೆಲ್ನಾಗೆ ಒಂದೇ ಒಂದು ಜಾಗ ಉಳಿದೈತಂತೆ. ನೀವು ಮಂಡಕ್ಕಿ ತಿನ್ರಿ, ನಾನೇನು ಬ್ಯಾಡ ಅನ್ನಲ್ಲ. ತಿಂದ ಮ್ಯಾಲೆ ಒಂದ್ಸಲ ಕೆಳಗೆ ನೋಡ್ರಿ, ಅಷ್ಟೆ."

ಎಣ್ಣೆ ಹತ್ತಿದ ಅರ್ಜಿಯನ್ನು ಅರ್ಜಿಯೆಂದು ಪರಿಗಣಿಸಬಹುದೇ ಎಂದು ತೀರ್ಮಾನಿಸಲು ಕೆಳಗೆ ಸಹಿ ಮಾಡಿದವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿ, ನವೆಂಬರ್ 3ಕ್ಕೆ ಸಭೆ ಕರೆಯಲಾಗಿತ್ತು. ಅಷ್ಟರಲ್ಲಿ ದಿ. 08-10-2025ರಂದು ಶ್ರೀಮತಿ ಯಶೋದಾ ಅವರು ದೃಢೀಕರಣ ಪತ್ರವನ್ನು ಬೆರಳಚ್ಚು ಮಾಡಿ, ಅಧ್ಯಕ್ಷರು ನಿಲ್ಲುವ ಕಡೆ ಮಂಡಕ್ಕಿಯ ಕೆಳಗೆ ಇಟ್ಟಿದ್ದಾರೆ. ಅಧ್ಯಕ್ಷರು ತಿನ್ನುತ್ತಾ ಹೋದಂತೆ ಸಹಿಯ ಜಾಗ ಕಂಡಿತು. ಸಹಿ ಮಾಡಲಾಯಿತು. ಕೈ ತೊಳೆಯುವುದು ಬಿಟ್ಟುಹೋಯಿತು.

ಹಾಸ್ಟೆಲ್‌ಗೆ ಸಲ್ಲಿಸಿದ ಆ ಪತ್ರದ ಬಲ ಮೂಲೆಯಲ್ಲಿರುವ ಎಣ್ಣೆ ಕಲೆ ಅಧಿಕೃತವೇ ಎಂದು ವಾರ್ಡನ್ ಅವರು ಉಲ್ಲೇಖ (4)ರಲ್ಲಿ ಕೇಳಿದ್ದಾರೆ. ಉತ್ತರಕ್ಕಾಗಿ ದಿ. 14ರ ಸಂಜೆ ಐದರವರೆಗೆ ಮಾತ್ರ ಆ ಒಂದು ಜಾಗವನ್ನು ಕಾದಿರಿಸುವುದಾಗಿ ತಿಳಿಸಿದ್ದಾರೆ.

ಈ ಎಲ್ಲವನ್ನೂ ಪರಿಶೀಲಿಸಿ, ಡಿಸೆಂಬರ್ 31ರವರೆಗೆ ಕೆಳಗಿನಂತೆ ನಡೆದುಕೊಳ್ಳತಕ್ಕದ್ದೆಂದು ಆದೇಶಿಸಲಾಗಿದೆ.

1. ಬೀರುವಿನಲ್ಲಿರುವ ದಿನಪತ್ರಿಕೆಗಳಿಗೆ ಪೂಜೆಯಾಗಿ, ಕಡತ ಸಂಖ್ಯೆಯೂ ಬಿದ್ದಿರುವುದರಿಂದ, ಮೇಲಿನ ಕಚೇರಿಯ ಅನುಮತಿಯಿಲ್ಲದೆ ಅವುಗಳನ್ನು ಹೊರತೆಗೆಯುವಂತಿಲ್ಲ. ಆದ್ದರಿಂದ ಇನ್ನು ಮುಂದೆ ಬಾಕಿ ಅರ್ಜಿಗಳ ನಕಲುಗಳನ್ನೇ ಮಂಡಕ್ಕಿಗೆ ಹಾಸತಕ್ಕದ್ದು.

2. ಅತಿ ಹಳೆಯ ಅರ್ಜಿಯನ್ನು ನಡುವೆ ಹಾಸತಕ್ಕದ್ದು. ಈರುಳ್ಳಿ ಮತ್ತು ಹುರಿದ ಶೇಂಗಾ ನಡುವೆಯೇ ಸೇರುವುದರಿಂದ ಎಲ್ಲರ ಕೈಯೂ ಅಲ್ಲಿಗೇ ಹೋಗುವುದು ಕಂಡುಬಂದಿದೆ.

3. ಯಾರ ಕೈಯ ಕೆಳಗೆ ಯಾವ ಅರ್ಜಿ ಕಾಣಿಸುವುದೋ ಅದು ಅವರ ಕೆಲಸ. ಇದನ್ನು ತಪ್ಪಿಸಲು ಅಂಚಿನ ಮಂಡಕ್ಕಿಯನ್ನಷ್ಟೇ ತಿನ್ನುವವರನ್ನು ಮೇಜಿನ ನಡುಭಾಗಕ್ಕೆ ವರ್ಗಾಯಿಸಲಾಗುವುದು. ಬೆರಳಿನಿಂದ ಮಂಡಕ್ಕಿ ದೂಡಿ ಅರ್ಜಿ ಮುಚ್ಚುವುದನ್ನು ಕಡತ ಬಚ್ಚಿಟ್ಟಂತೆ ಎಂದೇ ಭಾವಿಸಲಾಗುವುದು.

4. ಒಗ್ಗರಣೆ ಮಂಡಕ್ಕಿ ತೇವವಾಗಿದ್ದು ಅರ್ಜಿದಾರರ ಹೆಸರು ಅಳಿಸುವ ಸಂಭವವಿರುವುದರಿಂದ ನಿಷೇಧಿಸಲಾಗಿದೆ. ಮಿರ್ಚಿಗಳನ್ನು ಹಾಳೆಯ ನಾಲ್ಕು ಮೂಲೆಗೆ ಭಾರವಾಗಿ ಇಡತಕ್ಕದ್ದು. ಫ್ಯಾನಿನ ವೇಗ ಎರಡಕ್ಕಿಂತ ಹೆಚ್ಚು ಇರಕೂಡದು. ಭಾರವನ್ನು ಕೊನೆಗೆ ತಿನ್ನತಕ್ಕದ್ದು.

5. ಸೋಮವಾರ, ಗುರುವಾರ ಉಪವಾಸ ಇರುವವರೂ ಅಸಿಡಿಟಿ ಇರುವವರೂ ತಿನ್ನದೆ ಓದಬಹುದು. ಹಾಗೆ ಓದಿದವರು ಈವರೆಗೆ ಯಾರೂ ಕಂಡುಬಂದಿಲ್ಲ.

6. ಹಾಜರಿ ಪುಸ್ತಕದ ಪಕ್ಕದಲ್ಲಿ ಉತ್ಸಾಹ ಪುಸ್ತಕ ಇಡಲಾಗಿದೆ. ಬೆಳಿಗ್ಗೆ 10.30ರೊಳಗೆ ಉತ್ಸಾಹ ನಮೂದಿಸದವರಿಗೆ ಆ ದಿನ ಅರ್ಧ ಉತ್ಸಾಹವೆಂದು ಹಾಕಲಾಗುವುದು. ಒಬ್ಬರ ಉತ್ಸಾಹವನ್ನು ಇನ್ನೊಬ್ಬರು ನಮೂದಿಸುವಂತಿಲ್ಲ.

7. ಬರುವ ವರ್ಷದ ಕ್ಯಾಲೆಂಡರ್ ಈಗಾಗಲೇ ತೂಗುಹಾಕಿರುವವರು ಅದರ ಮುಖವನ್ನು ಡಿಸೆಂಬರ್ 31ರವರೆಗೆ ಗೋಡೆಯ ಕಡೆ ತಿರುಗಿಸತಕ್ಕದ್ದು. "ಹೊಸ ವರ್ಷಕ್ಕೆ ನೋಡಾಣ ಬಿಡ್ರಿ" ಎಂದವರು ಆ ಅರ್ಜಿಯ ಮುಂದೆ ಒಬ್ಬರೇ ನಿಂತು ಮಂಡಕ್ಕಿ ತಿನ್ನತಕ್ಕದ್ದು.

8. "ಮುಂದಿನ ತಿಂಗಳು ಬರ್ರಿ" ಎಂದು ಹೇಳಿದ ಸಿಬ್ಬಂದಿ, ಮುಂದಿನ ತಿಂಗಳು ತಾವೇ ಬಸ್ಸು ಹತ್ತಿ ಅರ್ಜಿದಾರರ ಊರಿಗೆ ಹೋಗತಕ್ಕದ್ದು. ಪಕ್ಕದ ಗುತ್ತೂರಿನವರಿಗೆ ಹೇಳಿದರೆ ಹೋಗಲು ಹತ್ತಿರವಾಗುತ್ತದೆಂದು ಅವರಿಗೇ ಹೇಳುವುದು ಕೂಡದು.

9. ಕೈ ತೊಳೆಯುವ ಸಾಬೂನಿಗಾಗಿ 2023ರಲ್ಲಿ ಈ ಕಚೇರಿ ಕಳಿಸಿದ ಕೋರಿಕೆ ಮೇಲಿನ ಕಚೇರಿಯಲ್ಲಿ ಬಾಕಿ ಇದೆ. ಅಲ್ಲಿಯೂ ಮಂಡಕ್ಕಿ ಪದ್ಧತಿ ಆರಂಭಿಸುವುದು ಸೂಕ್ತವೆಂದು ವಿನಯಪೂರ್ವಕವಾಗಿ ಸಲಹೆ ನೀಡಲಾಗಿದೆ.

10. ದಿ. 03ರಿಂದ ಈವರೆಗೆ 61 ಬಾಕಿ ಅರ್ಜಿಗಳಲ್ಲಿ 19 ಮುಗಿದಿವೆ. ಬಣ್ಣದ ಚೀಟಿಯಿಂದ ಮುಗಿದವು: ಇಲ್ಲ. ಎಣ್ಣೆ ಕಲೆ ಸಮಿತಿಯನ್ನು, ಅದು ಒಮ್ಮೆಯಾದರೂ ಸೇರುವ ಮೊದಲೇ, ವಿಸರ್ಜಿಸಲಾಗಿದೆ.

11. ಶ್ರೀಮತಿ ದುರುಗವ್ವ ಅವರನ್ನು ಏಳು ತಿಂಗಳು ಓಡಾಡಿಸಿದ್ದಕ್ಕೆ ಕೆಳಗೆ ಸಹಿ ಮಾಡಿದವರಿಗೆ ನಾಚಿಕೆಯಾಗಿದೆ. ಇದನ್ನು ತಿಳಿಸಲು ನಿಗದಿತ ನಮೂನೆ ಇಲ್ಲದ ಕಾರಣ ಇಲ್ಲಿಯೇ ಬರೆಯಲಾಗಿದೆ.

ಸಹಿ/-
(ಗುರುಮೂರ್ತಿ)
ಶಾಖಾಧಿಕಾರಿ, ಹರಿಹರ
(ಈ ಸಹಿಯನ್ನು ಕೈ ತೊಳೆದೇ ಹಾಕಲಾಗಿದೆ.)

ಪ್ರತಿಗಳು:

1. ಮೇಲಿನ ಕಚೇರಿ, ದಾವಣಗೆರೆ: ಉತ್ಸಾಹ ತುಂಬಲಾಗಿದೆ. ಸಾಬೂನು ಕಳಿಸುವುದು.

2. ಶ್ರೀಮತಿ ಯಶೋದಾ, ದ್ವಿ.ದ.ಸ.: ಅನುಮತಿಯಿಲ್ಲದೆ ಅಧ್ಯಕ್ಷರ ಮಂಡಕ್ಕಿಯ ಕೆಳಗೆ ಕಾಗದ ಇಟ್ಟಿದ್ದಕ್ಕೆ ಕಾರಣ ಕೇಳಲಾಗಿದೆ. ಉತ್ತರವನ್ನೂ ಅಲ್ಲಿಯೇ ಇಡಬಹುದು.

3. ಶ್ರೀ ಬಡೇಸಾಬ್, ಮಂಡಕ್ಕಿ ಅಂಗಡಿ, ಬಸ್ ನಿಲ್ದಾಣದ ಎದುರು: ಎಣ್ಣೆ ಕಡಿಮೆ, ಈರುಳ್ಳಿ ಹೆಚ್ಚು.

4. ಕಚೇರಿ ಪ್ರತಿ: ಇಂದು ಸಂಜೆ ಹಾಸಲು.

5. ವಾರ್ಡನ್, ವಿದ್ಯಾರ್ಥಿನಿಯರ ಹಾಸ್ಟೆಲ್, ನಿಜಲಿಂಗಪ್ಪ ಬಡಾವಣೆ: ಶ್ರೀ ಮಾಲತೇಶಪ್ಪ ಅವರ ಕೈಯಲ್ಲಿ, ಇಂದೇ. ಪತ್ರದ ಬಲ ಮೂಲೆಯ ಕಲೆ ನನ್ನ ಬಲಗೈ ಹೆಬ್ಬೆರಳಿನದು. ತಾಳೆ ನೋಡಲು ಅನುಕೂಲವಾಗಲೆಂದು, ಸಹಿಯ ನಂತರ ಮಿರ್ಚಿ ತರಿಸಿ, ಈ ಪ್ರತಿಯ ಕೆಳಗೂ ಅದೇ ಬೆರಳಿನ ಹೊಸ ಕಲೆಯೊಂದನ್ನು ಒತ್ತಲಾಗಿದೆ. ತಪ್ಪು ನಮ್ಮದು, ಹುಡುಗಿಯದಲ್ಲ. ದಯವಿಟ್ಟು ಜಾಗ ಕೊಡುವುದು.

6. ಶ್ರೀಮತಿ ದುರುಗವ್ವ, ಸಾರಥಿ: ಜಾಗ ಕೊಟ್ಟಿರುವುದಾಗಿ ವಾರ್ಡನ್ ಅವರು ಈಗಷ್ಟೇ ಮಾಲತೇಶಪ್ಪ ಅವರ ಫೋನಿನಲ್ಲಿ ತಿಳಿಸಿದ್ದು, ಈ ಸಾಲನ್ನು ಕೈಬರಹದಲ್ಲಿ ಸೇರಿಸಲಾಗಿದೆ. ಮುಂದಿನ ತಿಂಗಳು ತಾವು ಬರಬೇಕಾಗಿಲ್ಲ. ಸುಮ್ಮನೆ ಬರುವುದಾದರೆ ನಾಲ್ಕು ಗಂಟೆಗೆ ಬರುವುದು. ತಿಂದ ಮೇಲೆ ಕೆಳಗೆ ನೋಡಲಾಗುತ್ತಿದೆ.