ಹಡಗಿನಲ್ಲಿ ‘ಬರ್ರಿ, ಊಟ ಮಾಡ್ರಿ’ ಅಂದದ್ದು

ನಾನು ಹುಟ್ಟಾ ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ದೆವ್ವಕ್ಕೆ ಅಂಜುವವರಿದ್ದಾರೆ, ಹಾವಿಗೆ ಅಂಜುವವರಿದ್ದಾರೆ. ಪ್ರಿನ್ಸಿಪಾಲರಿಗೆ ಅಂಜುವವರಂತೂ ನಾನು ಗುಮಾಸ್ತನಾಗಿದ್ದ ಬಳ್ಳಾರಿಯ ಕಾಲೇಜಿನ ಆಫೀಸಿನಲ್ಲಿ ಕುರ್ಚಿಗೊಬ್ಬರಿದ್ದರು. ಆದರೆ ನನ್ನ ಅಸಲಿ ಅಂಜಿಕೆಯೇ ಬೇರೆ. ದೊಡ್ಡ ಹೋಟೆಲುಗಳಲ್ಲಿ ನಾವು ಕೇಳದಿದ್ದರೂ ಕೆಲವು ಪದಾರ್ಥಗಳು ಮೇಜಿನ ಮೇಲೆ ಬಂದು ಕೂರುತ್ತವಲ್ಲ, ಅವನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೆಣ್ಣೆಯ ಪುಟ್ಟ ಬಟ್ಟಲು, ಸೀಲು ಒಡೆಯದ ನೀರಿನ ಬಾಟಲಿ, ಬಟ್ಟೆ ಮುಚ್ಚಿದ ಬ್ರೆಡ್ಡಿನ ಬುಟ್ಟಿ. ಅವು ನಮ್ಮ ಊಟದ ಜೊತೆಗೆ ಬಂದವೋ, ನಮ್ಮ ಮೇಲೆ ಬಂದವೋ ಗೊತ್ತಾಗುವುದಿಲ್ಲ. ನಮ್ಮೂರ ಖಾನಾವಳಿಗಳಲ್ಲಿ ಈ ಗೋಜಿಲ್ಲ. ಮೊಸರು ಕೇಳಿದರೆ ಬಡಿಸುವವನು ‘ಅದಕ್ಕ ಬ್ಯಾರೆ ರೊಕ್ಕ ಆಕ್ಕತಿ ನೋಡ್ರಿ’ ಎಂದು ಬೀದಿಗೆ ಕೇಳುವಂತೆ ಕೂಗುತ್ತಾನೆ. ಹೋಗುವ ಮಾನ ಅಲ್ಲೇ ಹೋಗಿ, ಮುಂದಿನ ಊಟವನ್ನು ನೆಮ್ಮದಿಯಿಂದ ಮಾಡಬಹುದು.

ಇನ್ನೊಂದು ಮಾತು ಹೇಳಬೇಕು. ನಮ್ಮ ಕಡೆ ಉಣ್ಣುವಾಗ ಯಾರೇ ಎದುರು ಬರಲಿ, ‘ಬರ್ರಿ, ಊಟ ಮಾಡ್ರಿ’ ಅನ್ನಬೇಕು. ಅನ್ನದಿದ್ದರೆ ನಾವು ಮನುಷ್ಯರೇ ಅಲ್ಲ. ಹಾಗೆಯೇ ಅನ್ನಿಸಿಕೊಂಡವರು ‘ಈಗರ ಆತ್ರಿ, ನೀವು ಮಾಡ್ರಿ’ ಎಂದು ಮುಂದೆ ಹೋಗಬೇಕು. ಹೋಗದಿದ್ದರೆ ಅವರು ಮನುಷ್ಯರಲ್ಲ. ಕುರುಗೋಡಿನಲ್ಲಿ ನಮ್ಮಪ್ಪ ಪಡಸಾಲೆಯ ಬಾಗಿಲು ತೆರೆದಿಟ್ಟುಕೊಂಡು ಉಣ್ಣುತ್ತಿದ್ದ. ಸಂತೆಯ ದಿನವಂತೂ ಅರ್ಧ ತಾಲ್ಲೂಕನ್ನೇ ಊಟಕ್ಕೆ ಕರೆಯುತ್ತಿದ್ದ. ಅಪ್ಪನಿಗೆ ಕೈ ದೊಡ್ಡದು ಎಂಬ ಹೆಸರು ಊರ ತುಂಬ ಇತ್ತು. ನಮ್ಮವ್ವ ಮಾತ್ರ ಮನೆಮಂದಿಗೆ ಬೇಕಾದಷ್ಟೇ ರೊಟ್ಟಿ ಬಡಿಯುತ್ತಿದ್ದಳು, ಒಂದು ದಿನವೂ ಕಡಿಮೆ ಬೀಳಲಿಲ್ಲ. ನಾನು ಅಪ್ಪನಿಂದ ಕಲಿತದ್ದು ಈ ಔದಾರ್ಯವನ್ನೇ. ಒಲ್ಲೆ ಅನ್ನುವುದು ಖಾತ್ರಿಯಿದ್ದಲ್ಲಿ ನಾನು ಯಾವುದನ್ನೂ ಕೊಡಲು ಹಿಂದೆಮುಂದೆ ನೋಡಿದವನಲ್ಲ.

ಇಂಥವನು ಹಡಗು ಹತ್ತಿದ್ದು ಗಣಿಗಾರಿಕೆಯ ಆ ಕೆಂಪು ದಿನಗಳಲ್ಲಿ. ಕೆಂಪು ಎಂದರೆ ನಿಜವಾಗಿಯೂ ಕೆಂಪು. ಪಾರ್ವತಿನಗರದ ನಮ್ಮ ಮನೆಯಲ್ಲಿ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕಾವಿಯಾಗುತ್ತಿತ್ತು, ನನಗೆ ಸನ್ಯಾಸ ಕೊಡಲು ಅದಿರಿನ ಲಾರಿಗಳೇ ಸಾಕಾಗಿದ್ದವು. ನನ್ನ ಹೆಂಡತಿ ಸುಮಂಗಲಾಳ ತಮ್ಮ ಬಸವರಾಜ ಸಿರುಗುಪ್ಪದಲ್ಲಿ ಭತ್ತ ಬೆಳೆದುಕೊಂಡು ಹಾಯಾಗಿದ್ದವನು, ಯಾರದೋ ಮಾತು ಕೇಳಿ ಒಂದು ಲಾರಿ ತಂದ. ಅದು ಇನ್ನೊಂದನ್ನು ತಂದಿತು. ನೋಡನೋಡುತ್ತಲೇ ಅವನ ಮನೆ ಮುಂದೆ ಚಪ್ಪಲಿಗಳ ರಾಶಿ ಬೀಳತೊಡಗಿತು. ಎಂದೂ ಕಾಣದ ನೆಂಟರು, ಎಲ್ಲೋ ಕಂಡ ಗೆಳೆಯರು, ಎಲ್ಲರೂ ಮಧ್ಯಾಹ್ನ ಊಟದ ಹೊತ್ತಿಗೇ ಅವನನ್ನು ನೆನೆಸಿಕೊಂಡು ಬರುವವರು. ನಾನೂ ಬೇಕಾದಷ್ಟು ಸಲ ಉಂಡು ಬಂದಿದ್ದೇನೆ. ಒಂದು ದಿನ ಅವನು ಬಂದು, ‘ಮಾವಾರ, ಎಲ್ಲರೂ ಸಿಂಗಾಪುರಕ್ಕ ಹೋಗಿ ಹಡಗು ಹತ್ತಾಕತ್ಯಾರ. ನಾವೂ ಹೋಗೂನು. ನೀವು, ಅಕ್ಕ, ಅವ್ವ, ನಾವಿಬ್ರು. ಖರ್ಚು ನಂದು’ ಅಂದ. ನಾನು ನಿಯಮದ ಪ್ರಕಾರ ಬೇಡ ಬೇಡ ಎಂದು, ನಿಯಮದ ಪ್ರಕಾರವೇ ಒಪ್ಪಿಕೊಂಡೆ.

ಸುಮಂಗಲಾ ಮಾತ್ರ ಒಂದು ಆಸೆ ಇಟ್ಟುಕೊಂಡು ಹೊರಟಳು. ನಮ್ಮೂರಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳು ಓಣಿಗೆರಡು. ಪ್ಯಾಂಟಿನ ಜೇಬಿನ ಮೇಲೆ ಬಳ್ಳಿ, ಹೂವು ಹೆಣೆಯುವ ಕಸೂತಿ ಯಂತ್ರವೊಂದು ಸಿಂಗಾಪುರದಲ್ಲಿ ಸೋವಿಯಾಗಿ ಸಿಗುತ್ತದೆ, ಅದೊಂದಿದ್ದರೆ ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯಬಹುದು ಎಂದು ಅವಳ ಲೆಕ್ಕ. ಚೀಟಿ ಎತ್ತಿದ ದುಡ್ಡನ್ನು ಡಾಲರು ಮಾಡಿಸಿ, ಲಕೋಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟು, ‘ಇದು ಯಂತ್ರದ್ದು. ಬ್ಯಾರೆ ಯಾವುದಕ್ಕೂ ಮುಟ್ಟಂಗಿಲ್ಲ ನೋಡ್ರಿ’ ಎಂದಿದ್ದಳು. ನಾನು ಅದನ್ನು ಒಳಅಂಗಿಯ ಜೇಬಿಗೆ ಹೊಲಿಸಿಕೊಂಡಿದ್ದೆ. ಹಡಗು ತಿರುಗಾಡಿಕೊಂಡು ಮತ್ತೆ ಸಿಂಗಾಪುರಕ್ಕೇ ಬರುವುದರಿಂದ ಯಂತ್ರವನ್ನು ಕೊನೆಯ ದಿನ ಕೊಳ್ಳುವುದೆಂದು ಮಾತಾಗಿತ್ತು.

ಹಡಗಿನಲ್ಲಿ ನನ್ನ ಅಂಜಿಕೆಗೆ ಮೊದಲ ಕೆಲವು ದಿನ ಕೆಲಸವೇ ಇರಲಿಲ್ಲ. ‘ಟಿಕೆಟ್‌ನಾಗ ಎಲ್ಲಾ ಬಂದೈತ್ರಿ ಮಾವಾರ, ಊಟ, ನಾಷ್ಟಾ, ಐಸ್‌ಕ್ರೀಮು. ಅಂಜಬ್ಯಾಡ್ರಿ, ತಿನ್ರಿ’ ಎಂದು ಬಸು ಹೇಳಿದ್ದ. ದೊಡ್ಡ ಊಟದ ಸಾಲೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಪಾತ್ರೆಗಳು ತೆರೆದೇ ಇರುತ್ತಿದ್ದವು. ಯಾರೂ ಬಿಲ್ಲು ತರುತ್ತಿರಲಿಲ್ಲ. ಅತ್ತೆ ಊರಿಂದ ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ನಾನು ಏನೇನೋ ತಿಂದೆ. ಅಂಜಿಕೆ ಹೋದ ಅಂಜುಬುರುಕನಷ್ಟು ಅಪಾಯದ ಮನುಷ್ಯ ಇನ್ನೊಬ್ಬನಿಲ್ಲ. ಮೇಲಿನ ಅಂತಸ್ತಿನಲ್ಲಿ ಗಾಜಿನ ಗೋಡೆಯ ಒಂದು ಇಟಲಿ ಊಟದ ಹೋಟೆಲು ಇತ್ತು. ಮೇಜಿನ ಮೇಲೆ ಮೇಣದ ಬತ್ತಿ, ಹೂವು, ಕಿಟಕಿಯಾಚೆ ಸಮುದ್ರ. ಜನ ಮಾತ್ರ ಇಲ್ಲ. ಪಾಪ, ಇದು ಇರುವುದೇ ಜನರಿಗೆ ಗೊತ್ತಿಲ್ಲ ಎಂದುಕೊಂಡೆ. ಆಗಲೇ ನನಗೆ ಆ ಭಯಂಕರ ವಿಚಾರ ಹೊಳೆದದ್ದು. ಇಷ್ಟು ದಿನ ಬಸುವಿನ ಅನ್ನ ಉಂಡಾಯಿತು. ಹೇಗೂ ಎಲ್ಲಾ ಟಿಕೆಟ್ಟಿನಲ್ಲೇ ಇದೆ. ನಾನೇ ಅವನನ್ನು ಒಂದು ಊಟಕ್ಕೆ ಕರೆದರೆ ಏನು ಗಂಟು ಹೋದೀತು? ಕೆಳಗಿಳಿದು ಬಂದು ಎದೆ ಸೆಟೆಸಿ ಹೇಳಿದೆ: ‘ಬಸು, ಇವತ್ತಿನ ಊಟ ನಂದು.’ ಅವನು ಒಂದು ಗಳಿಗೆ ನನ್ನನ್ನೇ ನೋಡಿ, ‘ಆಗ್ಲಿರಿ ಮಾವಾರ’ ಅಂದ. ಸಂಜೆ ಮಡಿಕೆ ಮುರಿಯದ ಹೊಸ ಅಂಗಿ ತೊಟ್ಟುಕೊಂಡು ಬಂದ.

ಕೂತ ಕೂಡಲೇ ಬ್ರೆಡ್ಡಿನ ಬುಟ್ಟಿ ಬಂತು. ಬೆಣ್ಣೆ ಬಂತು. ಮಾಣಿ ಬಾಟಲಿಯ ಸೀಲು ಒಡೆದು ಎಲ್ಲರಿಗೂ ನೀರು ಸುರಿದ. ನನ್ನ ಹಳೆಯ ಎದೆ ಮೆಲ್ಲಗೆ ಒಂದು ಸಲ ಹೊಡೆದುಕೊಂಡಿತು. ಮೆನು ತೆಗೆದು ನೋಡಿದರೆ ಹೆಚ್ಚಿನ ತಿನಿಸುಗಳ ಮುಂದೆ ರೇಟೇ ಇಲ್ಲ. ಸಮಾಧಾನವಾಯಿತು. ಆದರೆ ಕೆಲವು ಹೆಸರುಗಳ ನೆತ್ತಿಯ ಮೇಲೆ ಒಂದು ಚಿಕ್ಕ ನಕ್ಷತ್ರ, ಪುಟದ ಅಡಿಯಲ್ಲಿ ಅದೇ ನಕ್ಷತ್ರ, ಅದರ ಪಕ್ಕ ಇರುವೆ ಸಾಲಿನಂಥ ಅಕ್ಷರ. ಅತ್ತೆಯ ಕನ್ನಡಕ ಇಸಿದುಕೊಂಡು ಓದಿದೆ. ಈ ಹೋಟೆಲಿನಲ್ಲಿ ಕೂತವರಿಗೆ ತಲೆಗಿಷ್ಟು ಡಾಲರು. ನಕ್ಷತ್ರದ ತಿನಿಸಿಗೆ ಮೇಲೆ ಇಷ್ಟು. ಎರಡನೇ ಸಲ ಹಾಕಿಸಿಕೊಂಡರೆ ಮತ್ತಿಷ್ಟು. ನೀರಿಗೆ ಬೇರೆ. ಇದೆಲ್ಲದರ ಮೇಲೆ ಸೇವೆಯ ಶುಲ್ಕ. 

‘ಏನ್ ಬರದಾರ್ರಿ ಅಳಿಯಂದ್ರ, ಅಷ್ಟು ಸಣ್ಣಕ?’ ಎಂದು ಅತ್ತೆ ಕೇಳಿದರು.

‘ಊಟಕ್ಕ ಮೊದಲು ಹೇಳೋ ಪ್ರಾರ್ಥನಿ ಅತ್ತಿ’ ಅಂದೆ. ಸುಳ್ಳೂ ಅಲ್ಲ, ಅದನ್ನು ಓದಿದ ಮೇಲೆ ನಾನು ದೇವರನ್ನೇ ಕರೆಯುತ್ತಿದ್ದೆ.

ಅದಕ್ಕಿಂತ ದೊಡ್ಡ ಭಯ ಆಗ ನೆನಪಾಯಿತು. ಆ ಹಡಗಿನಲ್ಲಿ ಯಾರೂ ನಗದು ಮುಟ್ಟುವುದಿಲ್ಲ. ಕೋಣೆಯ ಕಾರ್ಡು ತೋರಿಸಿ ಸಹಿ ಹಾಕಬೇಕು. ನಮ್ಮೆಲ್ಲರ ಕಾರ್ಡುಗಳನ್ನೂ ಬಸುವಿನ ಖಾತೆಗೇ ಜೋಡಿಸಿದ್ದರು. ಅಂದರೆ ನಾನು ಕರೆದ ಊಟದ ಹಣವನ್ನು ಅತಿಥಿಯೇ ತೆರಬೇಕು! ಸಿರುಗುಪ್ಪದಲ್ಲಿ ಈ ಸುದ್ದಿ ಹಬ್ಬಿದರೆ ನಾನು ಮತ್ತೆ ಆ ಊರಿನ ಬಸ್ಸು ಹತ್ತುವಂತಿಲ್ಲ. ಉಳಿದಿದ್ದು ಎದೆಯ ಮೇಲಿನ ಲಕೋಟೆ ಒಂದೇ. ಸುಮಂಗಲಾಳಿಗೆ ಹೇಳೋಣವೆಂದು ಮೇಜಿನ ಕೆಳಗೆ ಕಾಲಿನಿಂದ ತಿವಿದೆ. ‘ನನ್ನ ಕಾಲ್ರಿ ಅದು’ ಅಂದರು ಅತ್ತೆ.

ಹೀಗೆ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದಾಗ ಆ ಮುದುಕ ದಂಪತಿಗಳು ಬಾಗಿಲಲ್ಲಿ ಕಂಡರು. ಮಲೇಷ್ಯಾದ ತೆಲುಗರು. ದಿನಾ ಬೆಳಿಗ್ಗೆ ನಾಷ್ಟಾ ಹೊತ್ತಿಗೆ ನನ್ನ ಬಳ್ಳಾರಿ ತೆಲುಗು ಕೇಳಿ ಸಂತೋಷಪಡುತ್ತಿದ್ದವರು. ಬರೀ ಒಳಗೆ ಹೇಗಿದೆಯೆಂದು ನೋಡಲು ಬಂದಿದ್ದರೋ ಏನೋ, ನಮ್ಮನ್ನು ಕಂಡು ನಕ್ಕರು. ನನ್ನ ತಲೆ ‘ಸುಮ್ಮನಿರು’ ಎಂದಿತು. ಆದರೆ ನಾಲಿಗೆ ತಲೆಯ ಮಾತು ಕೇಳುವುದನ್ನು ಕಲಿತದ್ದಲ್ಲ, ಅಪ್ಪನ ಪಡಸಾಲೆಯಲ್ಲಿ ಬೆಳೆದದ್ದು. ‘ಮಾತೋ ಪಾಟು ಕೂರ್ಚೋಂಡಿ, ನಮ್ಮ ಜೊತೆ ಕೂತು ಊಟ ಮಾಡಿ’ ಎಂದು ಎರಡೂ ಭಾಷೆಯಲ್ಲಿ ಅಂದೇಬಿಟ್ಟೆ. ಅಂದು, ‘ಈಗರ ಆತು’ ಎಂಬ ಉತ್ತರಕ್ಕೆ ಕಾದೆ.

ಅವರು ಕೂತರು! ಮುದುಕಿಯ ಕಣ್ಣಲ್ಲಿ ನೀರೇ ಬಂದಿತ್ತು. ಮಾಣಿ ಸರಸರನೆ ಎರಡು ಕುರ್ಚಿ ತಂದ, ಎರಡು ತಟ್ಟೆ ಇಟ್ಟ, ಇನ್ನೊಂದು ಬಾಟಲಿಯ ಸೀಲು ಒಡೆದ. ಅದರ ಚಟಕ್ ಸದ್ದಿಗೆ ನಾನು ಕೂತಲ್ಲೇ ಬೆಚ್ಚಿಬಿದ್ದೆ. ಮುಂದೆ ನಡೆದದ್ದನ್ನು ಹೇಗೆ ಹೇಳಲಿ? ಮುದುಕ ನಕ್ಷತ್ರದ ತಿನಿಸನ್ನೇ ಹೇಳಿದ. ಮನೆಗೆ ಬಂದವರಿಗೆ ಒತ್ತಾಯ ಮಾಡದಿದ್ದರೆ ಅತ್ತೆಗೆ ಅನ್ನ ಇಳಿಯುವುದಿಲ್ಲ. ಅವರು ಮಾಣಿಯ ತೋಳು ಹಿಡಿದು, ‘ಯಪ್ಪಾ, ಆ ಅಜ್ಜಿಗೆ ಇನ್ನೊಂದೀಟು ಹಾಕು. ನಾಚಿಕೊಂಡಾಳ ಆಕಿ’ ಎಂದು ಅಪ್ಪಟ ಸಿರುಗುಪ್ಪ ಕನ್ನಡದಲ್ಲಿ ಹೇಳಿದರು. ಅವನಿಗೆ ಅದು ಹೇಗೆ ಅರ್ಥವಾಯಿತೋ ಶಿವನೇ ಬಲ್ಲ, ಇನ್ನೊಂದು ತಟ್ಟೆ ಬಂತು. ಬಸುವಿನ ಹೆಂಡತಿ ನೀಲಮ್ಮ ಮಾತ್ರ ‘ಸಾಕ್ರಿ, ಹೊಟ್ಟಿ ತುಂಬೇತಿ’ ಅಂದಳು. ಆ ಕ್ಷಣದಲ್ಲಿ ಅವಳಷ್ಟು ಒಳ್ಳೆಯ ಹೆಣ್ಣುಮಗಳು ಭೂಮಿಯ ಮೇಲಿಲ್ಲ ಅನ್ನಿಸಿತು. ಬಸು ಎಂದಿಗಿಂತ ಹೆಚ್ಚು ಉಂಡ. ನಾನೊಬ್ಬನೇ ಬ್ರೆಡ್ಡಿನ ಚೂರು ಹಿಡಿದು, ಒಬ್ಬೊಬ್ಬರ ಬಾಯಿಗೆ ಹೋಗುವ ತುತ್ತಿನಲ್ಲೂ ಕಸೂತಿ ಯಂತ್ರದ ಒಂದೊಂದು ಭಾಗ ಕರಗುವುದನ್ನು ನೋಡುತ್ತ ಕೂತಿದ್ದೆ. ಮೊದಲು ಸೂಜಿ ಹೋಯಿತು, ಆಮೇಲೆ ಚಕ್ರ, ಹಣ್ಣು ಬರುವ ಹೊತ್ತಿಗೆ ಮೋಟಾರೂ ಹೋಯಿತು. ಬಿಲ್ಲಿಗೆ ನಾನು ಹಾಕಿದ ಸಹಿ ನನ್ನ ಸಹಿಯಂತೆ ಇರಲಿಲ್ಲ.

ಕೋಣೆಗೆ ಬಂದು ಸುಮಂಗಲಾಳಿಗೆ ಎಲ್ಲಾ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ‘ಬೆಳಿಗ್ಗೆ ಹೋಗಿ ಅವನಿಗೆ ಕೊಡ್ರಿ. ಕೊಟ್ಟಂಗೂ ಆಗ್ತೈತಿ, ಅವ ಏನ್ ತಗೊಳ್ಳಂಗಿಲ್ಲ. ನನ್ನ ತಮ್ಮ ಅದಾನ ಅವ’ ಅಂದಳು. ನನಗೆ ಹೋದ ಜೀವ ಬಂತು. ಹೌದಲ್ಲ, ನಿಯಮ ಅಂತ ಒಂದು ಇದೆಯಲ್ಲ! ನಾನು ಕೊಡಬೇಕು, ಅವನು ‘ಛೆ ಛೆ, ಏನ್ರಿ ಮಾವಾರ’ ಅನ್ನಬೇಕು, ನಾನು ಮತ್ತೆ ಒತ್ತಾಯ ಮಾಡಬೇಕು, ಅವನು ಲಕೋಟೆಯನ್ನು ನನ್ನ ಜೇಬಿಗೇ ತುರುಕಬೇಕು.

ಬೆಳಿಗ್ಗೆ ಬಸು ಹಡಗಿನ ಕಟಕಟೆ ಹಿಡಿದು ಸಮುದ್ರ ನೋಡುತ್ತ ನಿಂತಿದ್ದ. ನಾನು ಲಕೋಟೆ ಚಾಚಿ, ‘ನಿನ್ನೆ ಊಟದ್ದು ನಿನ್ನ ಖಾತೆಗೆ ಬಿದ್ದಿರ್ತೈತಿ, ತಗೋಪಾ’ ಅಂದೆ. ಕೈ ವಾಪಸು ಎಳೆದುಕೊಳ್ಳಲು ಸಿದ್ಧವಾಗಿಯೇ ಇತ್ತು.

ಅವನು ತೆಗೆದುಕೊಂಡ. ಬಿಚ್ಚಿದ, ಬಿಲ್ಲಿನಷ್ಟನ್ನು ಎಣಿಸಿಕೊಂಡ, ಉಳಿದ ನಾಲ್ಕು ನೋಟನ್ನು ಲಕೋಟೆಯ ಸಮೇತ ನನ್ನ ಕೈಗಿಟ್ಟ. ನನ್ನ ಕಾಲ ಕೆಳಗೆ ಹಡಗು ಇದೆಯೋ ಇಲ್ಲವೋ ತಿಳಿಯಲಿಲ್ಲ.

‘ಸಿಟ್ಟಾಗಬ್ಯಾಡ್ರಿ ಮಾವಾರ’ ಅಂದ. ‘ಇದನ್ನ ನಾ ಬ್ಯಾಡ ಅಂದ್ರ ನೀವು ಉಣಿಸಿದಂಗ ಆಗಂಗಿಲ್ಲ. ಲಾರಿ ತಂದಾಗಿಂದ ಊರ ಮಂದಿ ಎಲ್ಲಾ ನನ್ನ ಮನ್ಯಾಗ ಉಣ್ತಾರ. ನನ್ನ ಒಬ್ರೂ ಊಟಕ್ಕ ಕರದಿಲ್ಲ. ಇವಂಗೇನ್ ಕಮ್ಮಿ ಅಂತಾರ. ನಿನ್ನೆ ನೀವು ಕರದ್ರಿ. ಬ್ರೆಡ್ ಮುರಿಯಾಕತ್ತಿದ್ರೂ ಕಣ್ಣಾಗ ನೀರ ಬರ್ತಿತ್ತು ನನಗ.’

ಪುಕ್ಕಟೆ ಎಂದು ತಿಳಿದು ಕರೆದೆ ಕಣೋ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಅವನು ಪ್ರಬಂಧ ಗಿಬಂಧ ಓದುವವನಲ್ಲ ಎಂಬ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಕೋಣೆಗೆ ಬಂದಾಗ ಸುಮಂಗಲಾ ನನ್ನ ಮುಖ ನೋಡಿಯೇ, ‘ತಗೊಂಡನಾ?’ ಅಂದಳು. ಅವನು ಆಡಿದ ಮಾತನ್ನು ಹೇಳಿದೆ. ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಯಂತ್ರದ ಸಲುವಾಗಿ ಅತ್ತಳೋ, ತಮ್ಮನ ಸಲುವಾಗಿ ಅತ್ತಳೋ ಕೇಳುವ ಧೈರ್ಯ ನನಗಾಗಲಿಲ್ಲ. ಸಿಂಗಾಪುರದಲ್ಲಿ ಉಳಿದ ನೋಟುಗಳಿಗೆ ಒಂದು ಕತ್ತರಿ ಬಂತು.

ಆಮೇಲೆ ಗಣಿಗಳು ನಿಂತವು. ಅಂಗಿಗಳು ಮತ್ತೆ ಬಿಳಿಯಾಗಿ ಒಣಗತೊಡಗಿದವು. ಬಸುವಿನ ಲಾರಿಗಳು ಮನೆ ಮುಂದೆ ನಿಂತವು, ಅಲ್ಲಿದ್ದ ಚಪ್ಪಲಿಗಳೆಲ್ಲ ತಮ್ಮ ತಮ್ಮ ಮನೆಗೆ ಹೋದವು. ಸುಮಂಗಲಾಳಿಗೆ ಬಳ್ಳಾರಿಯಲ್ಲೇ ಒಂದು ಹಳೆಯ ಕಸೂತಿ ಯಂತ್ರ ಸಿಕ್ಕಿತು. ಸದ್ದು ಜಾಸ್ತಿ, ಹೂವು ಮಾತ್ರ ಚೆನ್ನಾಗಿ ಬರುತ್ತದೆ. ಬಸು ಲಾರಿಗಳನ್ನು ಮಾರುವ ಓಡಾಟಕ್ಕೆ ಆಗಾಗ ಬಳ್ಳಾರಿಗೆ ಬರುತ್ತಾನೆ.

ಮೊನ್ನೆ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಗೇಟಿನ ಸದ್ದಾಯಿತು. ನಾನು ತಲೆ ಎತ್ತದೆ, ಯಾರೆಂದು ನೋಡದೆ, ‘ಬರ್ರಿ, ಊಟ ಮಾಡ್ರಿ’ ಅಂದೆ. ‘ಈಗರ ಆತ್ರಿ’ ಎಂಬ ಮಾತು ಬರಲಿಲ್ಲ. ಹೊಸಿಲ ಹೊರಗೆ ಚಪ್ಪಲಿ ಬಿಡುವ ಸದ್ದು ಬಂತು. ‘ಬಂದೆ ಮಾವಾರ, ಕೈಕಾಲು ತೊಳಕೊಂಡು’ ಎಂದ ಬಸು. ಸುಮಂಗಲಾ ಸಡಗರದಿಂದ ಇನ್ನೊಂದು ತಟ್ಟೆ ತರಲು ಎದ್ದಳು. ಅವಳು ಆ ಕಡೆ ತಿರುಗಿದ ಕೂಡಲೇ ನಾನು ಎಡಗೈಯಿಂದ ಮೆಲ್ಲಗೆ ಬುಟ್ಟಿಯ ಮೇಲಿನ ಬಟ್ಟೆ ಎತ್ತಿ, ರೊಟ್ಟಿ ಎಷ್ಟಿವೆಯೆಂದು ನೋಡಿದೆ.