ಹೊಳೆಯಿಲ್ಲದ ಸೇತುವೆ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ದಿಂಡಿಗಲ್ಲಿನ ದೊಡ್ಡ ಮೇಲ್ಸೇತುವೆಯತ್ತ ಕ್ಯಾಮೆರಾ ತಿರುಗಿಸಿದಾಗಲೆಲ್ಲ ನನ್ನ ಮರ್ಯಾದೆ ಅದರ ಮೇಲಿಂದ ಕೆಳಗೆ ಬೀಳುತ್ತದೆ. ಮೊನ್ನೆ ಅಕ್ಕನ ಮಗಳ ಮದುವೆಗೆಂದು ಮತ್ತೆ ಅಲ್ಲಿ ನಿಂತಾಗ ಹಳೆಯದೆಲ್ಲ ನೆನಪಾಯಿತು. ಮರೆಯೋಣವೆಂದರೆ ಹೊಸದೊಂದು ಸೇರಿಕೊಂಡಿತು.

೧. ಹೊಳೆ ಎಲ್ಲಿ?

ಮೊದಲ ಸಲ ಹೋದದ್ದು ಸ್ಟುಡಿಯೋ ಗೋಡೆಗೆ ಒಂದು ಪಟ ಬೇಕೆಂದು. ನಮ್ಮ ಕಣಿವೆಯಲ್ಲಿ ಸೇತುವೆ ಅಂದರೆ ಕೆಳಗೆ ಹೊಳೆ ಇರಲೇಬೇಕು. ಇಲ್ಲಿ ಎಷ್ಟು ಬಗ್ಗಿ ನೋಡಿದರೂ ನೀರಿಲ್ಲ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸನ್ನು ಕೇಳಿದೆ: "ಅಕ್ಕಾ, ಇದು ಯಾವ ಹೊಳೆಗೆ ಕಟ್ಟಿದ್ದು?"

ಆಕೆ ನನ್ನ ಕ್ಯಾಮೆರಾ ನೋಡಿದಳು, ಮುಖ ನೋಡಿದಳು. "ಯಾವ ಊರು ತಂಬಿ?"

"ಕಂಬಂ."

"ಅಲ್ಲೇ ನಿಂತಿರು. ಈಗ ಬರುತ್ತೆ ಪ್ರವಾಹ."

ನಿಂತೆ. ಲೆನ್ಸಿನ ಮುಚ್ಚಳ ತೆಗೆದು ಭಕ್ತಿಯಿಂದ ನಿಂತೆ. ಕಿವಿ ಕಿತ್ತುಹೋಗುವಂತೆ ಕೂಗುತ್ತಾ ಕೆಳಗೆ ಗೂಡ್ಸ್ ರೈಲು ಬಂತು.

"ಈಜು ಬರುತ್ತಾ ತಂಬಿ?" ಅಂದಳು.

೨. ಯಾರ ಕಡೆಯವನು?

ಆ ದಿನ ಕೆಳಗಿಳಿದು ತೆಗೆದ ಸೇತುವೆಯ ಪಟವನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಸ್ಟುಡಿಯೋದಲ್ಲಿ ಪರದೆ ಹಾಕಿದೆ. ಕಣಿವೆಯ ಹೊಸ ಜೋಡಿಗಳೆಲ್ಲ ಅದರ ಮುಂದೆ ನಿಂತು ಪಟ್ಟಣದವರಾದರು. ನಾನೂ ಎದೆಯುಬ್ಬಿಸಿ ಓಡಾಡಿದೆ.

ಒಂದು ದಿನ ಗೂಡಲೂರಿನಿಂದ ಹೆಣ್ಣಿನ ತಂದೆಯೊಬ್ಬರು ಆಲ್ಬಂ ಹಿಡಿದು ಬಂದು, ಬೆರಳಿಟ್ಟು ತೋರಿಸಿದರು. ಅಳಿಯನ ಭುಜದ ಹಿಂದೆ, ಸೇತುವೆಯ ಕಂಬಕ್ಕೆ ಮುಖ ಮಾಡಿ, ಪಂಚೆ ಎತ್ತಿಕೊಂಡು ಒಬ್ಬ ನೆಮ್ಮದಿಯಾಗಿ ನಿಂತಿದ್ದ. ಊರಿನ ಅರ್ಧ ಮದುವೆಗಳ ಆಲ್ಬಂಗೆ ಅವನು ಹೊಕ್ಕಿದ್ದ.

ಅವರು ಬೈಯಲಿಲ್ಲ. "ಊಟದ ಪಂಕ್ತೀಲಿ ಇವನನ್ನ ನೋಡ್ಲಿಲ್ಲ," ಅಂದರು. "ಗಂಡಿನ ಕಡೆಯವನಾ?"

೩. ಅಕ್ಕನ ಮಾನ

ಮೊನ್ನೆಯ ಬೀಗರು ನಮ್ಮಂತೆ ಕನ್ನಡ ಮನೆಮಾತಿನವರೇ, ಆದರೆ ದಿಂಡಿಗಲ್ ಸೇರಿ ಎರಡು ತಲೆಮಾರಾಗಿ ಮನೆಯಲ್ಲೂ ತಮಿಳೇ. ಅಕ್ಕನಿಗೆ ಅವರೆಂದರೆ ನಡುಕ. "ತಮ್ಮಾ, ನಮ್ಮನ್ನ ಕಾಡುಜನ ಅಂದ್ಕೋಬಾರ್ದು. ಇವತ್ತೊಂದಿನ ನನ್ನ ಮಾನ ಉಳಿಸ್ಕೊಡು," ಅಂದಳು. ನನ್ನನ್ನು ನಂಬಿ.

ಮದುಮಕ್ಕಳು ಸೇತುವೆಯ ಕಟ್ಟೆಗೆ ಒರಗಿ ನಿಲ್ಲುವುದು, ನಾನು ಕೆಳಗೆ ಹಳಿಯ ಪಕ್ಕದ ರಸ್ತೆಯಿಂದ ತೆಗೆಯುವುದು ಎಂದಾಯಿತು. ಜಾಗ ತೋರಿಸಲು ಬೀಗರು, ಅಂದರೆ ಗಂಡಿನ ತಂದೆ, ಬೆಳ್ಳಗಿನ ಅಂಗಿ, ಪಂಚೆಯಲ್ಲಿ ನನ್ನ ಜೊತೆ ಇಳಿದು ಬಂದರು. ಮೇಲೆ ಅಕ್ಕನ ಪಕ್ಕದಲ್ಲಿ ನಮ್ಮವ್ವ.

ಮದುವಣಗಿತ್ತಿ ಸೇತುವೆ ದಾಟುವಾಗ ಹೊಳೆಗೆ ಅರಿಶಿನ, ಅಡಿಕೆ, ಎಲೆ ಬಿಡುವುದು ನಮ್ಮ ಮನೆಯ ಪದ್ಧತಿ. ಅವ್ವನಿಗೆ ಕಣ್ಣು ಮಂಜು. ಇಲ್ಲಿ ಹೊಳೆಯಿಲ್ಲ ಎಂದು ಆಕೆಗೆ ಹೇಳಬೇಕಾದವನು, ಊರಿಗೆಲ್ಲ ಮೊದಲು ಅದನ್ನು ಕಲಿತ ನಾನೇ. ಹೇಳಿರಲಿಲ್ಲ.

"ಇನ್ನೂ ಸ್ವಲ್ಪ ಮುಂದೆ ಬಗ್ಗಿ," ಎಂದು ಕೂಗಿದೆ. ಮದುಮಗಳ ಜೊತೆ ಅವ್ವನೂ ಬಗ್ಗಿ, ಕೈಮುಗಿದು, ಮಡಿಲಿನ ಅರಿಶಿನ, ಅಡಿಕೆಯ ಪೊಟ್ಟಣ ಬಿಚ್ಚಿ ಸುರಿದಳು.

ಬೀಗರು ತಲೆಯಿಂದ ಎದೆಯವರೆಗೆ ಹಳದಿಯಾದರು. ಮೇಲಿನಿಂದ ಅವ್ವನ ದನಿ, ರಸ್ತೆಗೆಲ್ಲ ಕೇಳುವಂತೆ:

"ಹೊಳೆ ಒಣಗೋಗ್ಯದೆ ಕಣ್ಲಾ. ಯಾವನೋ ನಡುಮಧ್ಯ ನಿಂತವ್ನೆ."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕರವಸ್ತ್ರ ಕೊಡಲು ಹೋದೆ, ಕೈಗೆ ಬಂದದ್ದು ಲೆನ್ಸ್ ಒರೆಸುವ ಚಿಂದಿ.

ಬೀಗರು ಅದನ್ನು ತೆಗೆದುಕೊಳ್ಳಲಿಲ್ಲ. ಕೂದಲಲ್ಲಿ ಬೆರಳಾಡಿಸಿ ಒಂದು ಅಡಿಕೆ ಹುಡುಕಿ, ಬಾಯಿಗೆ ಹಾಕಿಕೊಂಡರು. ಆಮೇಲೆ ತಲೆಯೆತ್ತಿ, ನಾವು ಅವರ ಬಾಯಲ್ಲಿ ಒಮ್ಮೆಯೂ ಕೇಳಿರದ ನಮ್ಮ ಮನೆಮಾತಿನಲ್ಲೇ ಕೂಗಿದರು:

"ಅವ್ವಾ, ಅಡಿಕೆ ಬಂತು. ಎಲೆ ಬುಡು."